ಹನ್ನೊಂದು ಸೆಕೆಂಡಿನ ಗಂಟು

“ಮುಖ ನಾವು ಆರಿಸಿಕೊಂಡದ್ದಲ್ಲ ನೋಡಿ. ಅಪ್ಪಂದೋ ಅಮ್ಮಂದೋ ಯಾವುದೋ ಒಂದು ಮೂಗು, ಯಾವುದೋ ಎರಡು ಕಿವಿ, ಸಿಕ್ಕಿದ್ದನ್ನ ಅಂಟಿಸಿಕೊಂಡು ಹುಟ್ಟಿಬಿಡ್ತೀವಿ. ಅಂಗಿ ಪ್ಯಾಂಟೂ ಅಷ್ಟೇ, ಎಲ್ಲರದ್ದೂ ಒಂದೇ ಥರ. ಆದರೆ ಟೈ ಇದೆಯಲ್ಲ, ಅದು ಮನುಷ್ಯನ ಸ್ವಂತ ಮಾತು. ನಾವು ಬಾಯಿ ಬಿಡೋ ಮುಂಚೆನೇ ಅದು ಮಾತಾಡಿ ಮುಗಿಸಿರುತ್ತೆ. ನನ್ನ ಹತ್ತಿರ ನೂರಾ ಎಂಬತ್ತೇಳು ಇದೆ. ನಿನ್ನೆ ಹಾಕಿದ್ದನ್ನ ಇವತ್ತು ಹಾಕಿದವನಲ್ಲ ನಾನು. ಒಂದ್ಸಲ ಹಾಕಿದ ಟೈ ಮತ್ತೆ ನನ್ನ ಕತ್ತಿಗೆ ಬರಬೇಕಾದರೆ ಏಳು ತಿಂಗಳು ಸರದಿಯಲ್ಲಿ ಕಾಯಬೇಕು. ಆಫೀಸಿನಲ್ಲಿ ಬೆಳಿಗ್ಗೆ ಯಾರೂ ಗಡಿಯಾರ ನೋಡಲ್ಲ, ನನ್ನ ಟೈ ನೋಡ್ತಾರೆ. ಇನ್ನು ಕಟ್ಟೋದು ಅಂದ್ರೆ, ಅದೊಂದು ಕಲೆ. ಬಟ್ಟೆ ಯಾರು ಬೇಕಾದರೂ ಕೊಳ್ಳಬಹುದು, ಗಂಟು ಕೊಳ್ಳೋಕಾಗುತ್ತಾ? ನನಗೆ ಕನ್ನಡಿ ಕೂಡ ಬೇಡ. ಕಣ್ಣು ಮುಚ್ಚಿಕೊಂಡು ಕಟ್ತೀನಿ. ಹನ್ನೊಂದು ಸೆಕೆಂಡು. ಬೇಕಾದರೆ ಎಣಿಸಿ.”

ಮೇಲಿನ ಮನೆಗೆ ಹೊಸದಾಗಿ ಬಂದ ಗಂಡ ಹೆಂಡತಿ ಪರಿಚಯ ಮಾಡಿಕೊಂಡು ಹೋಗೋಣವೆಂದು ಕೆಳಗಿಳಿದು ಬಂದವರು, ಎಣಿಸುವ ಉಸಾಬರಿಗೆ ಹೋಗಲಿಲ್ಲ. ಟೀ ಕುಡಿದು, ತಲೆ ಅಲ್ಲಾಡಿಸಿ, ಕಪಾಟು ತೆರೆದು ತೋರಿಸಿದಾಗ ಬಾಯಿ ತೆರೆದು, ಮುಕ್ಕಾಲು ಗಂಟೆಯ ಮೇಲೆ ಬಿಡುಗಡೆಯಾಗಿ ಹೋದರು.

ಅಷ್ಟು ಹೊತ್ತೂ ಅಡುಗೆಮನೆಯಲ್ಲಿ, ಕಚೇರಿಯವರೆಲ್ಲ ಟೈ ಸಾಹೇಬರೆಂದು ಕರೆಯುವ ಈ ಭಾಷಣಕಾರರ ಹೆಂಡತಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಆ ಮಾತು ಆಕೆಗೆ ಬಾಯಿಪಾಠ. ‘ಮುಖ ನಾವು ಆರಿಸಿಕೊಂಡದ್ದಲ್ಲ’ ಎಂದು ಶುರುವಾದಾಗ ಮೊದಲ ಕಾಯಿ ಕೈಗೆತ್ತಿಕೊಂಡರೆ, ‘ಹನ್ನೊಂದು ಸೆಕೆಂಡು’ ಬರುವ ಹೊತ್ತಿಗೆ ಅರ್ಧ ಬುಟ್ಟಿ ಮುಗಿದಿರುತ್ತಿತ್ತು. ಹನ್ನೊಂದು ಸೆಕೆಂಡು ಅನ್ನುವುದು ನಿಜವೇ. ಕಣ್ಣು ಮುಚ್ಚಿಕೊಂಡೂ ಕಟ್ಟಬಹುದು, ಅದೂ ನಿಜ. ಕಟ್ಟುವವರು ಯಾರು ಅನ್ನುವುದೊಂದೇ ಸಣ್ಣ ವ್ಯತ್ಯಾಸ.

ಇಪ್ಪತ್ತಾರು ವರ್ಷದಿಂದ ಆ ಮನೆಯಲ್ಲಿ ಒಂದೇ ಒಂದು ಟೈಗೂ ಟೈ ಸಾಹೇಬರು ಗಂಟು ಹಾಕಿದವರಲ್ಲ. ಅವರಿಗೆ ಬರುತ್ತಿರಲಿಲ್ಲ.

ಆಕೆ ಮದುವೆಗೆ ಮುಂಚೆ ಶಾಲಾ ಸಮವಸ್ತ್ರದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಶಾಲೆ ತೆರೆಯುವ ವಾರದಲ್ಲಿ ದಿನಕ್ಕೆ ಅರವತ್ತು ಎಪ್ಪತ್ತು ಟೈ ಕಟ್ಟಿ ನೇತುಹಾಕಬೇಕಾಗಿತ್ತು. ತನ್ನ ಕತ್ತಿಗೇ ಹಾಕಿಕೊಂಡು ಕಟ್ಟುವುದು, ಸಡಿಲ ಮಾಡಿ ತಲೆಯ ಮೇಲಿಂದ ತೆಗೆಯುವುದು, ಮೊಳೆಗೆ ಸಿಕ್ಕಿಸುವುದು. ಆಕೆ ಎಡಚಿ. ಚಿಕ್ಕವಳಿದ್ದಾಗ ಮೇಷ್ಟ್ರು ಎಡಗೈ ಗೆಣ್ಣಿಗೆ ಹೊಡೆದೂ ಹೊಡೆದೂ ಸುಸ್ತಾಗಿ ಬಿಟ್ಟುಬಿಟ್ಟಿದ್ದರು. ಅಂಗಡಿಯ ಯಜಮಾನ ಮಾತ್ರ, “ಮಕ್ಕಳ ಗಂಟು ಎಡಕ್ಕೆ ವಾಲಿದರೇನು, ಬಲಕ್ಕೆ ವಾಲಿದರೇನು, ಮೊದಲನೇ ಪೀರಿಯಡ್ಡಿಗೇ ಅದು ಬೆನ್ನಿಗೆ ಹೋಗಿರುತ್ತೆ, ನೀ ಕಟ್ಟಮ್ಮ” ಅಂದಿದ್ದ.

ಒಂದು ದಿನ ಕೆಲಸದ ಸಂದರ್ಶನಕ್ಕೆ ಹೊರಟ ಹುಡುಗನೊಬ್ಬ ಬೆವರುತ್ತಾ ಬಂದು ಒಂದು ನೀಲಿ ಟೈ ಕೊಂಡ. ಕಟ್ಟಲು ಬಾರದೆ ಅಂಗಡಿಯ ಬಾಗಿಲಲ್ಲೇ ನಿಂತ. ಆಕೆ ಕಟ್ಟಿ ಕೊಟ್ಟಳು. ಕೆಲಸ ಸಿಕ್ಕಿತು. ಹುಡುಗ ಎರಡನೇ ಟೈಗೆ ಬಂದ, ಮೂರನೆಯದಕ್ಕೆ ಬಂದ. ನಾಲ್ಕನೆಯದು ಕೊಳ್ಳುವಷ್ಟರಲ್ಲಿ ಮದುವೆಯ ಮಾತಾಯಿತು. “ನಮ್ಮಣ್ಣ ಟೈ ಜೊತೆಗೆ ಕಟ್ಟೋವಳನ್ನೂ ತಂದ” ಎಂದು ನಾದಿನಿ ಆಗ ತಮಾಷೆ ಮಾಡಿದ್ದಳು. ಅದು ಎಷ್ಟು ಸತ್ಯವೆಂದು ಆ ಪುಣ್ಯಾತ್ಗಿತ್ತಿಗೂ ಗೊತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಆಕೆ ಆರು ಟೈ ಕಟ್ಟಬೇಕು, ವಾರದ ಆರು ದಿನಕ್ಕೆ. ತನ್ನ ಕತ್ತಿನಲ್ಲಿ ಕಟ್ಟಿ, ತೆಗೆದು, ಬಾಗಿಲ ಹಿಂದೆ ಸಾಲಾಗಿ ತೂಗುಹಾಕಬೇಕು. ಸಾಹೇಬರು ಬೆಳಿಗ್ಗೆ ಒಂದು ಕುಣಿಕೆ ಎತ್ತಿಕೊಂಡು ಅದರೊಳಗೆ ತಲೆ ತೂರಿಸಿ ಎಳೆದುಕೊಂಡರೆ ಕಲೆ ಮುಗಿಯಿತು. ಸಂಜೆ ತೆಗೆದು ಕುರ್ಚಿಯ ಮೇಲೆ ಎಸೆದದ್ದನ್ನು ಬಿಚ್ಚುವುದು, ಇಸ್ತ್ರಿ ಮಾಡುವುದು, ಸರದಿ ತಪ್ಪದಂತೆ ಕೋಲಿಗೆ ಸೇರಿಸುವುದು, ಅದೂ ಆಕೆಯ ಪಾಲು. ಕಪಾಟಿನ ಎರಡು ಬಾಗಿಲಲ್ಲಿ ಎರಡೂ ಟೈಗಳದ್ದು. ಆಕೆಯ ಬಟ್ಟೆಗಳು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ವಾಸ. ಬಟ್ಟೆಗೆ ಮಾತು ಬಾರದಿರುವುದು ಎಷ್ಟೋ ವಾಸಿ.

ಇದನ್ನೆಲ್ಲ ಯಾರಿಗೂ ಹೇಳಬಾರದೆಂದು ಸಾಹೇಬರು ಆಕೆಗೆ ಅಪ್ಪಣೆ ಮಾಡಿರಲಿಲ್ಲ. ಮೊದಲ ವರ್ಷ ಯಾರೋ “ಯಾರು ಕಟ್ಟಿದ್ದು, ಚೆನ್ನಾಗಿದೆ” ಅಂದಾಗ “ನಾನೇ” ಅಂದುಬಿಟ್ಟರು. ಆಕೆ ಸುಮ್ಮನಿದ್ದಳು. ಒಂದು ಸುಳ್ಳಿಗೆ ಒಂದು ಸುಮ್ಮನೆ ಜೊತೆಯಾದರೆ ಅದಕ್ಕಿಂತ ಗಟ್ಟಿ ಸಂಸಾರ ಇನ್ನೊಂದಿಲ್ಲ.

ಸಾಹೇಬರು ಕೆಲಸ ಮಾಡುವುದು ನಗರದ ನೀರು ಸರಬರಾಜು ಕಚೇರಿಯಲ್ಲಿ, ದೂರು ಸ್ವೀಕರಿಸುವ ಕಿಟಕಿಯ ಹಿಂದೆ. ನಾಲ್ಕು ದಿನದಿಂದ ಒಂದು ಹನಿ ನೀರಿಲ್ಲವೆಂದು ಖಾಲಿ ಕೊಡ ಹೊತ್ತು ಜನ ಬಾಯಿ ಬಡಿದುಕೊಂಡು ಬಂದ ಒಂದು ದಿನ, ಸಾಹೇಬರ ಎದೆಯ ಮೇಲಿನ ಟೈಯಲ್ಲಿ ಒಂಬತ್ತು ಬಾತುಕೋಳಿ ತುಂಬಿದ ಕೆರೆಯಲ್ಲಿ ಈಜುತ್ತಿದ್ದವು. ಒಬ್ಬ ಮುದುಕಿ ಆ ಬಾತುಗಳನ್ನೇ ದಿಟ್ಟಿಸಿ, “ಅವಕ್ಕೆ ಯಾವ ಪೈಪಿನಿಂದ ಬಿಡ್ತೀಯಪ್ಪ, ನಮಗೂ ಅಲ್ಲಿಂದಲೇ ಬಿಡು” ಅಂದಳಂತೆ. ಆ ಮಾತನ್ನು ಸಾಹೇಬರು ಮನೆಗೆ ಬಂದು ಹೇಳಿದ್ದು ಹೊಗಳಿಕೆಯೆಂದು. “ನೋಡಿದೆಯಾ, ಮುದುಕಿಗೂ ಕಣ್ಣಿಗೆ ಬಿತ್ತು” ಎಂದು. ಅವರ ಸ್ವಂತ ಮನೆಗೂ ನೀರು ಬರುತ್ತಿದ್ದದ್ದು ಬೆಳಿಗ್ಗೆ ಆರರಿಂದ ಏಳು, ಅಷ್ಟೇ. ಆ ದೂರನ್ನು ಯಾವ ಕಿಟಕಿಯಲ್ಲಿ ಕೊಡುವುದೆಂದು ಆಕೆ ಕೇಳಿದವಳಲ್ಲ.

ಹೀಗಿರುವಾಗ ಕಚೇರಿಗೆ ಹೊಸ ಮೇಲಧಿಕಾರಿ ಬಂದರು, ಹೆಂಗಸು, ಮಾತು ಕಡಿಮೆ, ನೋಟ ಜಾಸ್ತಿ. ಬಂದ ಎರಡನೇ ವಾರದಲ್ಲೇ ಒಂದು ಆದೇಶ ಹೊರಟಿತು: ಜನರೆದುರು ಕೂರುವ, ಜನರ ಮನೆಗೆ ಹೋಗುವ ಗಂಡಸರೆಲ್ಲ ಸೋಮವಾರದಿಂದ ಟೈ ಧರಿಸತಕ್ಕದ್ದು. ನಲ್ಲಿಯಲ್ಲಿ ನೀರು ಬರಿಸುವುದಕ್ಕಿಂತ ಇದು ಸುಲಭವೆಂದು ಯಾರಿಗೋ ಹೊಳೆದಿರಬೇಕು. ಕಿಟಕಿಯವರು, ಮೀಟರ್ ಓದುವವರು, ಪೈಪ್ ರಿಪೇರಿಯವರು ಎಲ್ಲ ಸೇರಿ, ಸಾಹೇಬರನ್ನು ಬಿಟ್ಟು, ಇಪ್ಪತ್ತೆರಡು ಜನ. ಒಬ್ಬನಿಗೂ ಕಟ್ಟಲು ಬಾರದು. ಶುಕ್ರವಾರ ಮಧ್ಯಾಹ್ನ ಎಲ್ಲರೂ ಮೇಲಧಿಕಾರಿಯ ಎದುರು ಗೊಣಗುತ್ತಾ ನಿಂತಿದ್ದಾಗ, ಊರಿನ ಅರ್ಧ ಕೊಳಾಯಿಗಳ ಹೊಟ್ಟೆ ಬಗೆದ ದಪ್ಪ ಕತ್ತಿನ ಪೈಪಿನವ ಮುಂದೆ ಬಂದು ಅಂದ, “ಚಿಂತೆ ಯಾಕೆ ಮೇಡಂ? ನಮ್ಮ ಟೈ ಸಾಹೇಬರಿದ್ದಾರೆ. ಕಣ್ಣು ಮುಚ್ಚಿ ಕಟ್ತಾರೆ. ಹನ್ನೊಂದು ಸೆಕೆಂಡು.”

“ಹಾಗಾದರೆ ಸೋಮವಾರ ಒಂಬತ್ತೂವರೆಗೆ ದೊಡ್ಡ ಕೋಣೆಯಲ್ಲಿ ಇವರಿಗೆಲ್ಲ ಕಲಿಸಿಬಿಡಿ” ಅಂದರು ಮೇಡಂ.

“ಅದಕ್ಕೇನಂತೆ” ಅಂದರು ಸಾಹೇಬರು. ನಾಲಿಗೆಗೆ ಎಲುಬಿಲ್ಲ ನೋಡಿ.

ಅಂದು ಸಂಜೆ ಅವರು ಮನೆಗೆ ಬಂದು ಟೈಯನ್ನು ಕುರ್ಚಿಯ ಮೇಲೆ ಎಸೆಯಲಿಲ್ಲ. ಹಾಕಿಕೊಂಡೇ ಕೂತರು. ಟೀ ಆರಿತು. ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು. ಹಸಿವಿಲ್ಲವೆಂದು ಆ ಬಾಯಿಂದ ಆಕೆ ಕೇಳಿದ್ದು ಅದೇ ಮೊದಲು.

“ಏನಾಯ್ತು ರೀ? ಕೆಲಸದಿಂದ ತೆಗೆದರಾ?”

“ಅದಾಗಿದ್ದರೆ ವಾಸಿ ಇತ್ತು.”

ಒಂದೊಂದಾಗಿ ಮಾತು ಹೊರಬಂತು. ಮುಗಿದ ಮೇಲೆ, “ಇಷ್ಟೇನಾ? ಹೇಳಿಬಿಡಿ, ನನ್ನ ಹೆಂಡತಿ ಕಟ್ಟೋದು ಅಂತ” ಅಂದಳು.

“ಇಪ್ಪತ್ತಾರು ವರ್ಷ! ಒಂದು ದಿನ ಎರಡು ದಿನ ಅಲ್ಲ. ಆ ಪೈಪಿನವ ಸಾಯೋ ತನಕ ಹೇಳಿಕೊಂಡು ನಗ್ತಾನೆ. ನನಗೆ ಅಲ್ಲಿ ಇನ್ನೇನಿದೆ ಹೇಳು? ಬಡ್ತಿ ಕೊಟ್ಟರಾ? ಯಾವತ್ತಾದರೂ ಒಳಗೆ ಕರೆದು ಕುರ್ಚಿ ಕೊಟ್ಟರಾ? ಇದೊಂದು ಹೆಸರು, ಟೈ ಸಾಹೇಬ ಅಂತ. ಅದೂ ಸೋಮವಾರ ಹೋಗುತ್ತೆ.”

ಆಕೆ ಏನೋ ಚುರುಕಾಗಿ ಹೇಳಬೇಕೆಂದಿದ್ದಳು. ಈ ಮಾತು ಕೇಳಿ ನಾಲಿಗೆ ತುದಿಯಲ್ಲಿದ್ದದ್ದನ್ನು ನುಂಗಿಕೊಂಡಳು. ಹೆಸರು ತನ್ನ ಕೈಯದ್ದು ಎಂದು ಆಕೆಗೆ ಗೊತ್ತಿತ್ತು. ಆದರೆ ಅದನ್ನು ಹಾಕಿಕೊಂಡು ತಿರುಗಿದ ಕತ್ತು ಅವರದ್ದು ತಾನೆ.

“ನಾಳೆ ನಾಡಿದ್ದು ಎರಡು ದಿನ ಇದೆ. ರಜೆ ಹಾಕಿ. ಕಲಿಸ್ತೀನಿ” ಅಂದಳು.

ಕಲಿಸುವುದೆಂದರೆ ಹೇಳಿದಷ್ಟು ಸುಲಭವೇ? ಆಕೆಯ ಕೈಗೆ ಗೊತ್ತಿದ್ದದ್ದು ಆಕೆಗೆ ಗೊತ್ತಿರಲಿಲ್ಲ. “ಹೀಗೆ, ಆಮೇಲೆ ಹೀಗೆ, ಹಿಂದಿನಿಂದ ತಂದು ತೂರಿಸಿದರೆ ಆಯ್ತು” ಅನ್ನುವುದರೊಳಗೆ ಗಂಟು ಬಿದ್ದಿರುತ್ತಿತ್ತು. ಎದುರು ನಿಂತು ಅವರ ಕತ್ತಿಗೆ ಕಟ್ಟಿ ತೋರಿಸೋಣವೆಂದರೆ ಕೈ ಓಡದು. ತನ್ನ ಕತ್ತಿನ ಹೊರತು ಇನ್ನೊಂದು ಕತ್ತಿಗೆ ಕಟ್ಟಿ ಆಕೆಗೆ ಅಭ್ಯಾಸವಿಲ್ಲ. ಕೊನೆಗೆ ಇಬ್ಬರೂ ಬಚ್ಚಲಿನ ಕನ್ನಡಿಯೆದುರು ಭುಜಕ್ಕೆ ಭುಜ ತಾಗಿಸಿ ನಿಂತರು, ಎರಡು ಕತ್ತಿನಲ್ಲಿ ಎರಡು ಟೈ. ಆಕೆ ಎಡಗೈ ಎತ್ತಿದರೆ ಅವರೂ ಎಡಗೈ. ಅವರ ಎಡಗೈಯೋ, ಇಪ್ಪತ್ತಾರು ವರ್ಷದಲ್ಲಿ ಬಲಗೈಯಿಂದ ಗಡಿಯಾರ ಕಟ್ಟಿಸಿಕೊಂಡದ್ದು ಬಿಟ್ಟರೆ ಬೇರೆ ಕೆಲಸ ಕಂಡಿದ್ದಲ್ಲ.

“ಎಡಚರಿಗೆ ಒಂದು ಕೆಲಸವೂ ನೆಟ್ಟಗೆ ಬರಲ್ಲ” ಎಂದು ಡಬ್ಬಿಯ ಮುಚ್ಚಳ ತೆಗೆಯುವಾಗಲೆಲ್ಲ ಆಕೆಯನ್ನು ಆಡಿಕೊಳ್ಳುತ್ತಿದ್ದ ಬಾಯಿ ಈಗ ನಾಲಿಗೆ ಹೊರಗೆ ಹಾಕಿಕೊಂಡು ಎಡಗೈ ತಿರುವುತ್ತಿತ್ತು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಅಗಲದ ತುದಿ ಎದೆಯ ಮೇಲೂ ಸಣ್ಣ ತುದಿ ತೊಡೆಯ ಹತ್ತಿರವೂ ಇತ್ತು. ಭಾನುವಾರ ಬೆಳಿಗ್ಗೆ ಗಂಟೇನೋ ಬಿತ್ತು, ಬಿಚ್ಚಲು ಕತ್ತರಿ ಬೇಕಾಯಿತು. ಪಟ್ಟೆ ಪಟ್ಟೆಯ ಒಂದು ಕಂದು ಟೈ ಹಾಗೆ ತೀರಿಕೊಂಡಿತು. ಉಳಿದದ್ದು ನೂರಾ ಎಂಬತ್ತಾರು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ನಾದಿನಿ ಬಂದಳು. ಬಚ್ಚಲಿನ ಬಾಗಿಲಲ್ಲಿ ನಿಂತು ಅಣ್ಣ ಅತ್ತಿಗೆಯರನ್ನು ಮೇಲಿಂದ ಕೆಳಗೆ ನೋಡಿದಳು.

“ಏನತ್ತಿಗೆ ಇದು, ಇಬ್ಬರೂ ಜೊತೆಯಲ್ಲೇ ನೇಣು ಹಾಕಿಕೊಳ್ಳೋ ಯೋಚನೆನಾ? ಬಚ್ಚಲಲ್ಲಿ ಕೊಕ್ಕೆ ಗಟ್ಟಿ ಇಲ್ಲ, ಹೇಳಿರ್ತೀನಿ.”

“ನಿನ್ನ ಅತ್ತಿಗೆಗೆ ಕಲಿಸ್ತಿದ್ದೆ” ಅಂದರು ಸಾಹೇಬರು, ಕಣ್ಣು ಮಿಟುಕಿಸದೆ.

ಆಕೆ ಕನ್ನಡಿಯಲ್ಲೇ ಗಂಡನ ಮುಖ ನೋಡಿದಳು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತು. “ಹೌದಮ್ಮ, ನನ್ನ ಮಂಡೆಗೆ ಹತ್ತಲೇ ಇಲ್ಲ” ಅಂದಳು ನಾದಿನಿಗೆ. ನಾದಿನಿ ಪೆದ್ದಿಯಲ್ಲ. ಅಣ್ಣನ ಕತ್ತಿನ ಉಂಡೆಯನ್ನೂ ಅತ್ತಿಗೆಯ ಕತ್ತಿನ ಅಚ್ಚುಕಟ್ಟು ಗಂಟನ್ನೂ ಒಂದರ ಪಕ್ಕ ಒಂದು ನೋಡಿದಳು. “ಹೂಂ, ಕಾಣಿಸ್ತಿದೆ” ಎಂದು ಟೀ ಇಡಲು ಹೋದಳು.

ಭಾನುವಾರ ಸಂಜೆ ನಲವತ್ತೊಂದನೇ ಸಲಕ್ಕೆ ಗಂಟು ಗಂಟಿನ ಹಾಗೆ ಕಂಡಿತು. ಹನ್ನೊಂದು ಸೆಕೆಂಡಲ್ಲ, ನಾಲ್ಕು ನಿಮಿಷ. ಆದರೂ ಬಿತ್ತು.

ಸೋಮವಾರ ಆ ಗಡಿಬಿಡಿಯಲ್ಲಿ ಸಾಹೇಬರು ಊಟದ ಡಬ್ಬಿ ಮರೆತು ಹೋದರು. ಆಕೆಗೆ ಡಬ್ಬಿ ಒಂದು ನೆಪವಾಯಿತು. ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಕಚೇರಿಗೆ ನಡೆದಳು. ಇಷ್ಟು ವರ್ಷದಲ್ಲಿ ಆಕೆ ಆ ಕಟ್ಟಡದೊಳಗೆ ಕಾಲಿಟ್ಟವಳಲ್ಲ, ಮನೆಯಲ್ಲಿ ನೀರಿಲ್ಲದಾಗಲೂ.

ದೊಡ್ಡ ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಪಾಠ ಸಾಂಗವಾಗಿ ನಡೆದಿತ್ತು. ಸಾಹೇಬರು ಬೆಂಚಿನ ಮೇಲೆ ನಿಂತಿದ್ದರು, ಎದುರು ಇಪ್ಪತ್ತೆರಡು ಜನ.

“ನಾನೇ ನಿಮ್ಮ ಕನ್ನಡಿ ಅಂದ್ಕೊಳ್ಳಿ. ನನ್ನ ಕೈ ಹೋದ ಕಡೆ ನಿಮ್ಮ ಕೈ. ಯೋಚನೆ ಮಾಡಬೇಡಿ, ಅದು ನಿಮ್ಮಿಂದ ಆಗದ ಕೆಲಸ.”

ಯೋಚನೆ ಮಾಡದೆ ಎಲ್ಲರೂ ಕಟ್ಟಿದರು. ಪೈಪಿನವನದ್ದೂ ಬಿತ್ತು. ಎದುರಿಂದ ನೋಡಿದರೆ ಎಲ್ಲರ ಗಂಟೂ ಸಾಹೇಬರು ದಿನಾ ಕನ್ನಡಿಯಲ್ಲಿ ಕಾಣುವ ಗಂಟಿನಂತೆಯೇ ಇತ್ತು. ಅವರ ಮುಖ ಅರಳಿತು. ಬಾಗಿಲ ಹೊರಗೆ ಆಕೆಯ ಉಸಿರೂ ಕೆಳಗಿಳಿಯಿತು. ಗೆದ್ದರು, ಡಬ್ಬಿ ಕೊಟ್ಟು ಹೋಗೋಣ ಅಂದುಕೊಂಡಳು.

ಅಷ್ಟರಲ್ಲಿ ಮೇಡಂ ಬಂದರು. “ಎಲ್ಲ ಗೋಡೆಗೆ ಸಾಲಾಗಿ ನಿಲ್ಲಿ, ನೋಡೋಣ. ನೀವೂ” ಅಂದರು ಸಾಹೇಬರಿಗೆ. ಸಾಹೇಬರು ಸಾಲಿನ ತಲೆಗೆ ನಿಂತರು. ಎದುರುಬದುರಿದ್ದಾಗ ಕಾಣದಿದ್ದದ್ದು ಈಗ ಪಕ್ಕಪಕ್ಕದಲ್ಲಿ ಕಂಡಿತು. ಇಪ್ಪತ್ತೆರಡು ಗಂಟು ಬಲಕ್ಕೆ ಓರೆ. ಒಂದು ಎಡಕ್ಕೆ.

ಸಾಹೇಬರು ಬಗ್ಗಿ ಸಾಲು ನೋಡಿದರು. “ಏನ್ರಯ್ಯ, ಎಲ್ಲ ಉಲ್ಟಾ ಕಟ್ಟಿದೀರಲ್ಲ, ಬಿಚ್ಚಿ” ಅಂದರು. ಎಲ್ಲರೂ ಬಿಚ್ಚಿದರು. ಮತ್ತೆ ಬೆಂಚು, ಮತ್ತೆ ಕನ್ನಡಿ, ಮತ್ತೆ ಕೈ ಹೋದ ಕಡೆ ಕೈ. ಎದುರು ನಿಂತಾಗ ಸರಿ. ಸಾಲಿಗೆ ಬಂದರೆ ಮತ್ತೆ ಇಪ್ಪತ್ತೆರಡು ಆ ಕಡೆ, ಒಂದು ಈ ಕಡೆ. ಮೂರನೇ ಸಲ ಬಿಚ್ಚಿ ಅಂದಾಗ ಪೈಪಿನವ, “ಸಾರ್, ಇದಕ್ಕಿಂತ ಚರಂಡಿ ವಾಸಿ” ಅಂದ.

ಬಾಗಿಲಲ್ಲಿ ನಿಂತವಳಿಗೆ ಮೊದಲನೇ ಸಲಕ್ಕೇ ಅರ್ಥವಾಗಿತ್ತು. ತನ್ನ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ಮೇಷ್ಟ್ರನ್ನು ಕಂಡವಳ ಹಾಗೆ.

“ಬಿಚ್ಚೋದು ಬೇಡ” ಅಂದರು ಮೇಡಂ. “ಎದುರಿಂದ ನೋಡಿ ಕಟ್ಟಿದ್ದಕ್ಕೆ ಇವರದ್ದೆಲ್ಲ ಸರಿಯಾಗೇ ಬಿದ್ದಿದೆ. ನಮ್ಮಪ್ಪ ದಿನಾ ಕಟ್ಟೋರು, ನೋಡಿ ಬೆಳೆದವಳು ನಾನು. ಉಲ್ಟಾ ಇರೋದು ನಿಮ್ಮದು. ಅದು ಎಡಗೈಯವರ ಗಂಟು.”

“ಹೌದು ಮೇಡಂ. ನಾನು ಎಡಚ.” ಇಂಥ ಹೊತ್ತಿನಲ್ಲಿ ಅವರ ಬಾಯಿ ಎಂದೂ ಕೈಕೊಟ್ಟದ್ದಿಲ್ಲ.

“ಹಾಗಾ? ಸರಿ, ತರಬೇತಿ ಆಯ್ತು ಅಂತ ಇಲ್ಲೊಂದು ಸಹಿ ಹಾಕಿ.”

ಮೇಡಂ ಪೆನ್ನು ಚಾಚಿದರು. ಸಾಹೇಬರ ಬಲಗೈ, ಯಜಮಾನನನ್ನು ಒಂದು ಮಾತೂ ಕೇಳದೆ, ತಾನೇ ಮುಂದೆ ಹೋಗಿ ಪೆನ್ನು ಹಿಡಿಯಿತು. ಬಾಲ ಎಳೆದು, ಎರಡು ಚುಕ್ಕಿ ಇಟ್ಟು, ಸೊಗಸಾದ ಸಹಿ ಹಾಕಿತು. ಸಾಹೇಬರು ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಮುಖ ಇಂಗು ತಿಂದ ಮಂಗನಂತಾಯಿತು. ತಲೆಯೆತ್ತಿದರೆ ಎದುರಿಗೆ ಬಾಗಿಲು, ಬಾಗಿಲಲ್ಲಿ ಹೆಂಡತಿ, ಹೆಂಡತಿಯ ಕೈಯಲ್ಲಿ ಡಬ್ಬಿಯ ಚೀಲ. ಆಕೆ ಮೆಲ್ಲಗೆ ತಲೆ ಅಲ್ಲಾಡಿಸಿದಳು. ಹೇಳಿ ಅಂತಲೋ ಬೇಡ ಅಂತಲೋ ಆಕೆಗೇ ಗೊತ್ತಿರಲಿಲ್ಲ.

“ನಾನಲ್ಲ” ಅಂದರು ಸಾಹೇಬರು. “ಅವಳು ಎಡಚಿ. ಅವಳೇ ಕಟ್ಟೋದು. ಮೊದಲಿನಿಂದಲೂ.”

ಇಪ್ಪತ್ತೆರಡು ತಲೆ ಬಾಗಿಲ ಕಡೆ ತಿರುಗಿದವು. ಈಗ ನಗುತ್ತಾರೆ, ಈಗ ನಗುತ್ತಾರೆ ಎಂದು ಆಕೆ ಚೀಲ ಬಿಗಿ ಹಿಡಿದು ಕಾದಳು. ಯಾರೂ ನಗಲಿಲ್ಲ. ಪೈಪಿನವ ಕತ್ತು ಸಡಿಲ ಮಾಡಿಕೊಂಡು, “ಅದು ಗೊತ್ತಿದ್ದದ್ದೇ ಬಿಡಿ ಸಾರ್” ಅಂದ.

“ಏನು ಗೊತ್ತಿತ್ತು?”

“ನಿಮ್ಮ ಗಂಟಿನೊಳಗೆ ದಿನಾ ಒಂದು ಕೂದಲು ಸಿಕ್ಕಿಕೊಂಡಿರುತ್ತಲ್ಲ ಸಾರ್. ಮೊಳದುದ್ದ. ನಿಮ್ಮ ತಲೆಯಲ್ಲಿ ಹುಡುಕಿದರೂ ಒಂದು ಗೇಣಿಂದು ಸಿಗಲ್ಲ. ಯಾರೋ ತಮ್ಮ ಕತ್ತಿಗೆ ಹಾಕಿ ಕಟ್ಟಿ ಕೊಡ್ತಾರೆ ಅಂತ ನಾನು ಕೆಲಸಕ್ಕೆ ಸೇರಿದ ವಾರವೇ ಎಲ್ಲರೂ ಹೇಳಿದ್ದರು. ಆವಾಗ ಕಪ್ಪಗಿರ್ತಿತ್ತು. ಈಗ ಒಂದೈದಾರು ವರ್ಷದಿಂದ ಬೆಳ್ಳಗಾಗಿದೆ.” ಆಕೆಯ ಕಡೆ ತಿರುಗಿ, “ನಮಸ್ಕಾರ ಅಕ್ಕ. ನಿಮ್ಮನ್ನ ಇವತ್ತೇ ನೋಡಿದ್ದು” ಅಂದ.

“ಗೊತ್ತಿದ್ದೂ ಶುಕ್ರವಾರ ನನ್ನ ಹೆಸರು ಹೇಳಿದೆಯಾ?”

“ಹೇಳ್ದೆ ಸಾರ್. ಅಕ್ಕನನ್ನ ಕರಕೊಂಡು ಬರ್ತೀರಿ ಅಂದ್ಕೊಂಡಿದ್ದೆ. ನೀವು ಎರಡು ದಿನದಲ್ಲಿ ಕಲಿತು ಬರ್ತೀರಿ ಅಂತ ಯಾರು ಕಂಡಿದ್ದರು?”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆಲ್ಲ ಕತ್ತಲೆ ಅಂದುಕೊಳ್ಳುತ್ತದೆ. ಇಪ್ಪತ್ತಾರು ವರ್ಷ ಕುಡಿದ ಬೆಕ್ಕಿಗೆ ಆ ದಿನ ಊಟ ಸೇರಲಿಲ್ಲ. ಆಕೆ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಬಂದ ದಾರಿಯಲ್ಲೇ ವಾಪಸು ನಡೆದಳು. ದಾರಿಯಲ್ಲಿ ಒಂದು ಕಡೆ ನಿಂತು ಜಡೆಯನ್ನು ಮುಂದಕ್ಕೆ ಎಳೆದು ನೋಡಿಕೊಂಡಳು. ಹೌದು, ಬೆಳ್ಳಗಾಗಿತ್ತು. ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಆದರೆ ಸಾಹೇಬರು ಅಷ್ಟು ಸುಲಭಕ್ಕೆ ಕುಗ್ಗುವ ಪೈಕಿಯಲ್ಲ. ಗುರುವಾರ ಮೇಲಿನ ಮನೆಯವರು ಮೆಟ್ಟಿಲಲ್ಲಿ ಸಿಕ್ಕಾಗ ಭಾಷಣಕ್ಕೆ ಹೊಸ ತಲೆ ಬಂದಿತ್ತು. “ಎಡಗೈ ಗಂಟು ಅಂತ ಒಂದಿದೆ, ಕೇಳಿದೀರಾ? ಇಡೀ ಕಚೇರಿಯಲ್ಲಿ ಕಟ್ಟೋನು ನಾನೊಬ್ಬನೇ. ನಮ್ಮ ಮನೆಯವಳ ಕಡೆಯಿಂದ ಬಂದ ವಿದ್ಯೆ.” ಅಡುಗೆಮನೆಯಲ್ಲಿ ಆಕೆ ಕೈಯಲ್ಲಿದ್ದ ಹುರುಳಿಕಾಯಿಯನ್ನು ಒಂದು ಕ್ಷಣ ಹಾಗೇ ಹಿಡಿದಳು. ‘ಮನೆಯವಳ ಕಡೆಯಿಂದ’ ಅನ್ನುವ ಮಾತು ಆ ಭಾಷಣದಲ್ಲಿ ಮೊದಲು ಇರಲಿಲ್ಲ. ಇರಲಿ, ಇಪ್ಪತ್ತಾರು ವರ್ಷಕ್ಕೆ ಎರಡು ಪದ, ತೀರ ಕಡಿಮೆಯೇನಲ್ಲ.

ಭಾನುವಾರ ಆಕೆ ಆರು ಟೈ ಕಟ್ಟಲಿಲ್ಲ. ಕಪಾಟಿನ ಒಂದು ಬಾಗಿಲಿನ ಟೈಗಳನ್ನೆಲ್ಲ ಇನ್ನೊಂದಕ್ಕೆ ತುರುಕಿ, ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ತನ್ನ ಬಟ್ಟೆಗಳನ್ನು ಅಲ್ಲಿ ಜೋಡಿಸಿದಳು. ಸಾಹೇಬರು ಬಾಗಿಲ ಹಿಂದಿನ ಖಾಲಿ ಮೊಳೆಗಳನ್ನು ನೋಡಿದರು, ಆಮೇಲೆ ಕಪಾಟು ನೋಡಿದರು, ಬಾತುಕೋಳಿಯ ಟೈ ಹುಡುಕಿ ತೆಗೆದು ಒಂದು ಮೊಳೆಗೆ ತಾವೇ ನೇತುಹಾಕಿದರು.

ಸೋಮವಾರ ಬೆಳಿಗ್ಗೆ ಆರಕ್ಕೆ ನಲ್ಲಿ ಗೊರಗೊರ ಸದ್ದು ಮಾಡಿ ಗಾಳಿ ಉಗುಳಿ, ಆಮೇಲೆ ನೀರು ಬಿಟ್ಟಿತು. ಆಕೆ ದೊಡ್ಡ ಕೊಡ ಮೊದಲು ಇಟ್ಟಳು. ಒಳಗೆ ಕನ್ನಡಿಯೆದುರು ಬಾತುಕೋಳಿಯ ಟೈ ಎರಡು ಸಲ ಗಂಟು ತಪ್ಪಿ ಮೂರನೇ ಸಲ ಬಿಚ್ಚಿಕೊಳ್ಳುತ್ತಿತ್ತು.

“ಏನೇ, ಒಂಚೂರು ಬಂದು ಹೋಗೇ. ಈ ತುದಿ ಮೇಲಿಂದಾನಾ, ಕೆಳಗಿಂದಾನಾ?”

“ಮೇಲಿಂದ.”

“ಬಂದು ತೋರಿಸಬಾರದಾ?”

“ನೀರು ಬಂದಿದೆ ರೀ. ಏಳಕ್ಕೆ ನಿಮ್ಮ ಆಫೀಸಿನವರೇ ನಿಲ್ಲಿಸ್ತಾರೆ” ಅಂದಳು ಆಕೆ. ತುಂಬಿದ ಕೊಡವನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿ, ನೀಲಿ ಬಕೆಟ್ಟನ್ನು ನಲ್ಲಿಯ ಕೆಳಗೆ ತಳ್ಳಿದಳು.